ಎರಡನೆಯ ಕೊಕ್ಕೆ

ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಒರೆಸುತ್ತಿದ್ದಳು ಅವಳು. ಮೊದಲು ಗಾಲಿ, ಆಮೇಲೆ ಕಾಲು, ಆಮೇಲೆ ಕಂಬ. ವರ್ಕ್‌ಶಾಪಿನಲ್ಲಿ ಬೆಳಗಿನಿಂದ ಯಾರೂ ತುಟಿಪಿಟಕ್ಕೆಂದಿರಲಿಲ್ಲ. ಅಪ್ಪ ಮೂಲೆಯ ಮೇಜಿನ ಮುಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸ್ಪ್ರಿಂಗುಗಳನ್ನು ಒಂದೊಂದಾಗಿ ಎಳೆದು ನೋಡಿ ಡಬ್ಬಿಗೆ ಹಾಕುತ್ತಿದ್ದರು. ಅಣ್ಣ ಬಾಗಿಲಿಗೆ ಒರಗಿ ಬೀದಿ ಕಾಯುತ್ತಿದ್ದ. ಹಿಂದಿನ ಸಂಜೆ ಜಗಳವಾಡಿ ಮಾತು ಬಿಟ್ಟವರು ಅವರಿಬ್ಬರು. ಅವಳಿಗೇನೋ ಆ ಮೌನ ಹಾಯೆನಿಸಿತ್ತು. ಯಾಕೆ ಬಾಯಿ ಬಿಡಲ್ಲ ನೀನು ಎಂದು ಯಾರೂ ಪೀಡಿಸುವುದಿಲ್ಲವಲ್ಲ.

ಅವಳು ಒರೆಸುತ್ತಿದ್ದದ್ದು ಎರಡು ಜಿರಾಫೆಗಳನ್ನು. ಹಾಗೆಂದು ಹೆಸರಿಟ್ಟವನು ಅಲ್ಲೇ ಕೆಲಸ ಮಾಡುವ ವೆಲ್ಡಿಂಗ್ ಮಾಮ. ಏಳಲಾಗದವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುವ ಯಂತ್ರ ಅದು. ಗಾಲಿಗಳ ಮೇಲೊಂದು ಕಂಬ, ಕಂಬದ ತಲೆಯಿಂದ ಮುಂದಕ್ಕೆ ಚಾಚಿದ ಉದ್ದ ಕತ್ತು, ಕತ್ತಿನಿಂದ ಇಳಿಬಿದ್ದ ಪಟ್ಟಿ, ಪಟ್ಟಿಯ ತುದಿಯಲ್ಲಿ ದಪ್ಪ ಬಟ್ಟೆಯ ಜೋಲಿ. ಕಂಬದ ನಡುವಿನ ತಗಡಿನ ಪೆಟ್ಟಿಗೆಯಿಂದ ಒಂದು ಹಿಡಿ ಹೊರಗೆ ಬಂದಿರುತ್ತದೆ. ಹಿಡಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರ ತಿರುಗಿ ಪಟ್ಟಿ ಸುತ್ತಿಕೊಳ್ಳುತ್ತದೆ, ಜೋಲಿ ಮೇಲೇಳುತ್ತದೆ. ಕೈ ಬಿಟ್ಟರೂ ಚಕ್ರ ಹಿಂದಕ್ಕೆ ಓಡದಂತೆ ಒಂದು ಕೊಕ್ಕೆ ಅದರ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಹೆಬ್ಬೆರಳುದ್ದದ ಉಕ್ಕಿನ ತುಂಡು. ಇಳಿಸಬೇಕಾದರೆ ಹೊರಗಿನ ಗುಂಡಿ ಒತ್ತಿ ಅದನ್ನು ಸರಿಸಿ, ಹಿಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಎತ್ತಿದ ಮನುಷ್ಯ ಗಾಳಿಯಲ್ಲಿ ನಿಲ್ಲುವುದು ಆ ತುಂಡಿನ ನಂಬಿಕೆಯ ಮೇಲೆ.

ಜಗಳ ಅದರದ್ದೇ. ಒಂದು ಜಿರಾಫೆಗೆ ಒಂದೇ ಕೊಕ್ಕೆ. ಅದು ಅಣ್ಣನ ಲೆಕ್ಕಾಚಾರ. ಇನ್ನೊಂದಕ್ಕೆ ಎರಡು. ಒಂದು ಮುರಿದರೆ ಮತ್ತೊಂದು ಹಿಡಿಯಲಿ ಎಂದು ಅಪ್ಪನ ಹಟ. ಎರಡನೆಯ ಕೊಕ್ಕೆ ಎಂದರೆ ಬರೀ ಒಂದು ತುಂಡು ಉಕ್ಕಲ್ಲ. ಅದಕ್ಕೊಂದು ಸ್ಪ್ರಿಂಗು, ಒಂದು ಪಿನ್ನು, ಅಗಲದ ಹಲ್ಲುಚಕ್ರ, ಕೂಡಿಸಲು ಮತ್ತಷ್ಟು ಹೊತ್ತು. ಎಲ್ಲಾ ಸೇರಿ ಬೆಲೆ ಎಲ್ಲಿಗೋ ಹೋಗಿ ನಿಲ್ಲುತ್ತಿತ್ತು. ಹೊರಗಿನ ಪೆಟ್ಟಿಗೆ ಮಾತ್ರ ಎರಡಕ್ಕೂ ಒಂದೇ ಅಚ್ಚಿನದು. ಹಾಗೆ ಹೊಡೆಸಿದರೆ ಅಗ್ಗ. ಮುಚ್ಚಳಕ್ಕೆ ಬೋಲ್ಟು ಬೇಡ, ರಿವೆಟ್ ಜಡಿದುಬಿಡೋಣ ಎಂದದ್ದೂ ಅಗ್ಗಕ್ಕಾಗಿಯೇ. ಹೀಗಾಗಿ ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳು.

ಪೆಟ್ಟಿಗೆಗಳ ಹಿಂಭಾಗವನ್ನು ಒರೆಸಿ ಬಟ್ಟೆಯನ್ನು ಅದ್ದಿದಳು. ಬಕೆಟ್ಟಿನ ನೀರಿನಲ್ಲಿ ಹಾಲಿನಂಥ ಬಿಳಿ ಎಳೆಯೊಂದು ತೇಲಿತು. ಇದೇನಪ್ಪಾ, ಬಣ್ಣ ಬಿಡುತ್ತಿದೆಯೇ ಎಂದು ಬಗ್ಗಿ ನೋಡಿದಳು. ಬಣ್ಣವಲ್ಲ, ಸೀಮೆಸುಣ್ಣ. ಹೊಸ ಬಣ್ಣಕ್ಕೆ ಗೀರು ಬೀಳಬಾರದೆಂದು ಅಪ್ಪ ಸೀಮೆಸುಣ್ಣದಿಂದ ಗುರುತು ಹಾಕಿದ್ದರು: ಒಂದು ಕೊಕ್ಕೆಯದಕ್ಕೆ ಒಂದು ಗೆರೆ, ಎರಡು ಕೊಕ್ಕೆಯದಕ್ಕೆ ಎರಡು ಗೆರೆ. ಆ ಗೆರೆಗಳೆಲ್ಲ ಈಗ ಬಕೆಟ್ಟಿನಲ್ಲಿದ್ದವು.

ಒರೆಸುವಾಗ ಗಾಲಿಗೆ ಬಟ್ಟೆ ಸಿಕ್ಕಿ ಎರಡನ್ನೂ ಅತ್ತಿತ್ತ ತಳ್ಳಿದ್ದಳು. ಎಡಗಡೆ ಇದ್ದದ್ದು ಯಾವುದು, ಬಲಗಡೆ ಇದ್ದದ್ದು ಯಾವುದು? ಚಕ್ರ, ಕೊಕ್ಕೆ, ಸ್ಪ್ರಿಂಗುಗಳನ್ನು ಪೆಟ್ಟಿಗೆಯೊಳಗೆ ಕೂಡಿಸಿದವಳು ಅವಳೇ. ಆದರೂ ಏನು ಪ್ರಯೋಜನ? ಪೆಟ್ಟಿಗೆಗಳನ್ನು ಕಂಬಕ್ಕೆ ಸಿಕ್ಕಿಸಿದವನು ವೆಲ್ಡಿಂಗ್ ಮಾಮ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಂಬಕ್ಕೆ. ಒಂದರ ಹಿಡಿಯನ್ನು ಮೆಲ್ಲಗೆ ತಿರುಗಿಸಿದಳು. ಟಕ್, ಟಕ್, ಟಕ್. ಇನ್ನೊಂದರದ್ದನ್ನು ತಿರುಗಿಸಿದಳು. ಟಕ್, ಟಕ್, ಟಕ್. ಎರಡು ಕೊಕ್ಕೆಗಳು ಒಂದೇ ಗಳಿಗೆಗೆ ಹಲ್ಲಿಗೆ ಬೀಳಲಿ ಎಂದು ಉಜ್ಜಿ ಉಜ್ಜಿ ಕೂರಿಸಿದ್ದವಳು ಅವಳೇ ಅಲ್ಲವೇ? ತನ್ನ ಅಚ್ಚುಕಟ್ಟುತನಕ್ಕೆ ಶಾಪ ಹಾಕಿಕೊಂಡಳು.

"ಇರುವೆ, ಮುಖ ಯಾಕಮ್ಮಾ ಹೀಗೆ ಮಾಡ್ಕೊಂಡಿದ್ದೀಯ?" ಎನ್ನುತ್ತಾ ವೆಲ್ಡಿಂಗ್ ಮಾಮ ಒಳಗೆ ಬಂದ. ಸದಾ ಸದ್ದಿಲ್ಲದೆ ಏನಾದರೊಂದು ಮಾಡುತ್ತಿರುತ್ತಾಳೆಂದು ಅವಳಿಗೆ ಇರುವೆ ಎಂದು ಹೆಸರಿಟ್ಟವನೂ ಅವನೇ.

ಅವಳು ಬಕೆಟ್ಟಿನತ್ತ ಬೆರಳು ಮಾಡಿದಳು. ಆಮೇಲೆ ಪೆಟ್ಟಿಗೆಗಳತ್ತ. ಮಾಮನಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಅರ್ಥವಾಯಿತು. ಕೈಯಲ್ಲಿದ್ದ ಸ್ಪ್ರಿಂಗು ಜಾರಿ ಡಬ್ಬಿಯೊಳಗೆ ಬಿತ್ತು.

"ಅಳಿಸಿಬಿಟ್ಯಾ?"

"ಒರೆಸು ಅಂದ್ರಿ..." ಎಂದಳು. ಅವಳ ದನಿ ಅವಳಿಗೇ ಕೇಳಿಸುವಷ್ಟಿತ್ತು.

ಅಣ್ಣ ಬಾಗಿಲಿನಿಂದ ಬಂದು ಎರಡನ್ನೂ ಸುತ್ತು ಹಾಕಿ ನೋಡಿದ. ಬಯ್ಯುತ್ತಾನೆಂದು ಅವಳು ತಲೆ ತಗ್ಗಿಸಿದರೆ, ಅವನು ಬಿದ್ದು ಬಿದ್ದು ನಗತೊಡಗಿದ. "ಅಪ್ಪಾ, ನೋಡಿ ತಮಾಷೆ. ಮಾಡಿದ ನಮಗೇ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ. ಅಂದ್ಮೇಲೆ ಎರಡಕ್ಕೂ ವ್ಯತ್ಯಾಸವೇ ಇಲ್ಲ ಅಂತ ತಾನೆ? ಇಷ್ಟಕ್ಕೇ ನಿನ್ನೆ ನನ್ನ ತಲೆ ತಿಂದ್ರಾ?"

"ಗೊತ್ತಾಗೋ ದಿನ ಗೊತ್ತಾಗುತ್ತೆ," ಎಂದರು ಅಪ್ಪ. "ಆ ದಿನ ಜೋಲಿಯಲ್ಲಿ ಯಾರಿರ್ತಾರೋ ಅವರಿಗೆ ಚೆನ್ನಾಗಿ ಗೊತ್ತಾಗುತ್ತೆ."

"ತೂಕ ಹಾಕೋಣ ಬನ್ನಿ. ಎರಡು ಕೊಕ್ಕೆಯದ್ದು ಭಾರ ಇರ್ಬೇಕಲ್ಲ," ಎಂದ ಮಾಮ.

"ನೀನು ಒಂದೊಂದು ಕಾಲಿಗೆ ಮೆತ್ತಿರೋ ವೆಲ್ಡಿಂಗ್ ನೋಡಿದ್ಯಾ ಮಾಮ? ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದ್ದೀಯ. ಅದರ ಮುಂದೆ ಒಂದು ಕೊಕ್ಕೆಯ ತೂಕ ಯಾವ ಲೆಕ್ಕ?" ಎಂದ ಅಣ್ಣ.

"ಗಟ್ಟಿ ಇರ್ಲಿ ಅಂತಯ್ಯಾ!"

"ನೋಡ್ದಾ, ನಿನಗೂ ಅಪ್ಪನ ಕಾಯಿಲೆ."

ರಿವೆಟ್ ಕೊರೆದು ಮುಚ್ಚಳ ತೆಗೆಯಬಹುದಿತ್ತು. ಆದರೆ ಕೊರೆದರೆ ತೆಳ್ಳನೆ ತಗಡಿನ ಅಂಚು ಹರಿಯುತ್ತದೆ, ಬೇರೆ ಪೆಟ್ಟಿಗೆ ಇಲ್ಲ, ಮೇಡಂ ಬರುವ ಹೊತ್ತು ಬೇರೆ ಹತ್ತಿರವಾಗಿತ್ತು. ಮೇಡಂ ಎಂದರೆ ಮೂರು ಬೀದಿ ಆಚೆ ಏಳಲಾಗದ ರೋಗಿಗಳ ಆರೈಕೆ ಮನೆ ನಡೆಸುವಾಕೆ. ಕೋಣೆಗೊಂದು ಯಂತ್ರ ಬೇಕೆಂದು ಕೇಳಿ, ಒಂದು ಕೊಕ್ಕೆಯದಕ್ಕೆಷ್ಟು, ಎರಡು ಕೊಕ್ಕೆಯದಕ್ಕೆಷ್ಟು ಎಂದು ಅಣ್ಣನಿಂದ ಬೆಲೆಯನ್ನೂ ತಿಳಿದುಕೊಂಡಿದ್ದರು. ಇವರ ವರ್ಕ್‌ಶಾಪ್ ಹುಟ್ಟಿದ ಮೇಲೆ ಅಷ್ಟು ದೊಡ್ಡ ಕೆಲಸ ಬಂದದ್ದೇ ಇಲ್ಲ. ಅವರಿಗೆ ಒಂದು ಕೊಕ್ಕೆಯದನ್ನು ತೋರಿಸುವುದು, ಎರಡು ಕೊಕ್ಕೆಯದನ್ನು ಅಮ್ಮನಿಗೆ ಇಟ್ಟುಕೊಳ್ಳುವುದು. ನಿನ್ನೆಯ ಜಗಳ ಕೊನೆಗೆ ಬಂದು ನಿಂತ ರಾಜಿ ಅದು. ಅಣ್ಣ ಒಪ್ಪಿದ್ದ, ಅಪ್ಪನೂ ಒಪ್ಪಿದ್ದರು. ಒಪ್ಪಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅಮ್ಮ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ಮಲಗಿರುತ್ತಾಳೆ. ನಡುವೆ ಇರುವುದು ಒಂದು ಮರದ ಬಾಗಿಲು. ಅವಳ ಕಾಲುಗಳು ಸೋತು ವರ್ಷಗಳೇ ಆಗಿದ್ದವು. ಬೆಡ್‌ಶೀಟಿನ ಎರಡು ತುದಿ ಅಪ್ಪ ಹಿಡಿದು, ಎರಡು ತುದಿ ಇರುವೆ ಹಿಡಿದು, ಹೂಂ ಎಂದು ಎತ್ತಿ ಕುರ್ಚಿಗೆ ಇಳಿಸುತ್ತಿದ್ದರು. ಇನ್ನೊಂದು ಜೊತೆ ಕೈ ಮನೆಯಲ್ಲೇ ಬೇಕೆಂದೇ ಇರುವೆ ಶಾಲೆ ಬಿಟ್ಟದ್ದು. ಒಮ್ಮೆ ಶೀಟು ಚರ್ರೆಂದು ಹರಿದು ಅಮ್ಮ ನೆಲಕ್ಕೆ ಬಿದ್ದಳು. ಆ ಶಬ್ದ ಅಪ್ಪನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಜಿರಾಫೆ ಹುಟ್ಟಿದ್ದೂ ಅದರಿಂದ, ಎರಡನೆಯ ಕೊಕ್ಕೆ ಹುಟ್ಟಿದ್ದೂ ಅದರಿಂದ.

"ಏನ್ರೋ ಅದು ಗುಸುಗುಸು?" ಒಳಗಿನಿಂದ ಅಮ್ಮ ಕೂಗಿದಳು. "ನಗೋ ವಿಷಯ ಆದ್ರೆ ನನಗೂ ಹೇಳಿ. ಅಳೋದಾದ್ರೆ ನೀವೇ ಇಟ್ಕೊಳ್ಳಿ."

ನಗುವ ವಿಷಯವೋ ಅಳುವ ವಿಷಯವೋ ಎಂದು ಯಾರಿಗೂ ಗೊತ್ತಿರಲಿಲ್ಲ.

ಆ ವರ್ಕ್‌ಶಾಪಿನದೊಂದು ಪದ್ಧತಿ. ಯಾವುದೇ ಯಂತ್ರವಾಗಲಿ, ಕೂಡಿಸಿದವರೇ ಅದರಲ್ಲಿ ಮೊದಲು ಕೂರಬೇಕು. ಅಪ್ಪ ಹಾಕಿದ ಕಟ್ಟಳೆ. ಇರುವೆ ಎರಡರಲ್ಲೂ ಹಿಂದೆಯೇ ಕೂತಿದ್ದಳು. ಈಗ ಯಾರೂ ಹೇಳದಿದ್ದರೂ ಹೋಗಿ ಎಡಗಡೆಯದರ ಜೋಲಿಯಲ್ಲಿ ಮತ್ತೆ ಕೂತಳು. ಮಾಮ ಹಿಡಿ ತಿರುಗಿಸಿದ. ಮೇಲೆ ಹೋದಳು, ಕೆಳಗೆ ಬಂದಳು. ಬಲಗಡೆಯದರಲ್ಲಿ ಕೂತಳು. ಮೇಲೆ ಹೋದಳು, ಕೆಳಗೆ ಬಂದಳು.

"ಏನನ್ನಿಸ್ತು?" ಎಂದರು ಅಪ್ಪ ಆಸೆಯಿಂದ.

ಅವಳು ಗೋಣು ಅಲ್ಲಾಡಿಸಿದಳು. ಏನೂ ಅನ್ನಿಸಿರಲಿಲ್ಲ. ಬೀಳಲಿಲ್ಲ, ಅಷ್ಟೇ. ಬೀಳದೆ ಇದ್ದದ್ದರಿಂದ ಏನು ತಿಳಿದ ಹಾಗಾಯಿತು? ನಾಳೆಯೂ ಬೀಳುವುದಿಲ್ಲ ಎಂದೇ? ಶೀಟು ಕೂಡ ಹರಿಯುವ ಹಿಂದಿನ ದಿನದವರೆಗೆ ಹರಿದಿರಲಿಲ್ಲ. ಬೆಡ್‌ಶೀಟಿನ ಪಕ್ಕ ಇಟ್ಟು ನೋಡಿದರೆ ಒಂದು ಕೊಕ್ಕೆಯದು ಸ್ವರ್ಗ. ಎರಡು ಕೊಕ್ಕೆಯದರ ಪಕ್ಕ ಇಟ್ಟು ನೋಡಿದರೆ ಅದೇ ಒಂದು ಕೊಕ್ಕೆಯದು ಬಾಯಿ ತೆರೆದ ಬಾವಿ. ಯಾವುದರ ಪಕ್ಕ ಇಟ್ಟು ನೋಡಬೇಕು? ಅಣ್ಣ ಮಾತಾಡುವಾಗ ಅಣ್ಣನದೇ ಸರಿ ಎನಿಸುತ್ತಿತ್ತು. ಅಪ್ಪ ಬಾಯಿ ತೆರೆದರೆ ಛೆ, ಇವರದ್ದಲ್ಲವೇ ಸರಿ ಎನಿಸುತ್ತಿತ್ತು. ಇಬ್ಬರೂ ಸುಮ್ಮನಾದಾಗ ಅವಳಿಗೆ ತಲೆಬುಡವೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಗಟ್ಟಿ ಹೆಜ್ಜೆಯ, ದಣಿದ ಕಣ್ಣಿನ ಹೆಂಗಸು. ಕೂರಿ ಎಂದರೆ ಕೂರಲಿಲ್ಲ, ಟೀ ಎಂದರೆ ಬೇಡ ಎಂದರು.

"ನಮ್ಮ ಹುಡುಗಿಯರಿಗೆ ಎತ್ತಿ ಎತ್ತಿ ಸೊಂಟ ಹೋಗಿದೆ. ತೋರಿಸಿ ನಿಮ್ಮ ಯಂತ್ರ. ಇದೇನಾ ಒಂದು ಕೊಕ್ಕೆಯದ್ದು?"

"ಇದು..." ಎಂದ ಅಣ್ಣ. "ಇದು, ಇಲ್ಲಾ ಅದು."

"ಹಾಗಂದ್ರೆ?"

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಮಾಮನ ಮುಖ ನೋಡಿದರು. ಮಾಮ ಮೇಲೆ ಫ್ಯಾನು ನೋಡಿದ. ಇರುವೆ ಬಕೆಟ್ಟನ್ನು ಕಾಲಿನಿಂದ ಮೇಜಿನಡಿ ಸರಿಸಿದಳು.

"ಸುಳ್ಳು ಯಾಕೆ ಮೇಡಂ," ಎಂದರು ಅಪ್ಪ ಕೊನೆಗೆ. "ಒಂದು ಅಗ್ಗದ್ದು, ಒಂದೇ ಕೊಕ್ಕೆ. ಒಂದು ದುಬಾರಿ, ಎರಡು ಕೊಕ್ಕೆ. ಗುರುತು ಅಳಿಸಿಹೋಗಿದೆ. ಯಾವುದು ಯಾವುದು ಅಂತ ಈ ಕ್ಷಣಕ್ಕೆ ನಮಗೂ ಗೊತ್ತಿಲ್ಲ."

ಮೇಡಂ ನಕ್ಕರು. ನಗುತ್ತಿದ್ದಂತೆಯೇ ಅವರ ಕಣ್ಣು ಒಳಬಾಗಿಲ ಸಂದಿನಿಂದ ಕಾಣುವ ಹಾಸಿಗೆಯ ಮೇಲೆ ಬಿತ್ತು. ನಗು ನಿಂತಿತು.

"ನಿಮ್ಮ ಮನೆಯವರಾ? ಅವರಿಗೆ ಯಾವುದು ಇಟ್ಕೋಬೇಕು ಅಂತಿದ್ರಿ?"

"ಎರಡು ಕೊಕ್ಕೆಯದ್ದು," ಎಂದರು ಅಪ್ಪ.

"ನನಗೆ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅಣ್ಣ ಮಧ್ಯೆ ಬಾಯಿ ಹಾಕಿದ. "ಒಂದು ಕೊಕ್ಕೆ ಸಾಕು ಮೇಡಂ. ಮೂರು ಪಟ್ಟು ಭಾರ ಹಾಕಿ ಪರೀಕ್ಷೆ ಮಾಡಿದ್ದೀವಿ. ಮಳೆ ಬರಬಹುದು ಅಂತ ಯಾರಾದ್ರೂ ಎರಡು ಕೊಡೆ ಹಿಡ್ಕೊಂಡು ಹೋಗ್ತಾರಾ?"

"ಸಾಕು ಅಂದ್ರೆ ನಿಮ್ಮಮ್ಮನಿಗೂ ಸಾಕಲ್ವಾ?"

"ಸಾಕು," ಎಂದ ಅಣ್ಣ.

"ಸಾಲದು," ಎಂದರು ಅಪ್ಪ.

ಎರಡೂ ಮಾತು ಒಟ್ಟಿಗೇ ಬಂದವು, ಒಂದೇ ಹಲ್ಲಿಗೆ ಬಿದ್ದ ಎರಡು ಕೊಕ್ಕೆಗಳ ಹಾಗೆ.

ಮೇಡಂ ಈಗ ಕೂತರು. "ನನ್ನ ಕಷ್ಟ ಕೇಳಿ. ನನ್ನ ಹತ್ರ ಇರೋ ದುಡ್ಡಿಗೆ ಒಂದು ಕೊಕ್ಕೆಯದ್ದಾದ್ರೆ ಎಲ್ಲಾ ಕೋಣೆಗೂ ಬರುತ್ತೆ. ಎರಡು ಕೊಕ್ಕೆಯದ್ದಾದ್ರೆ ಕೆಲವು ಕೋಣೆಗೆ ಬರುತ್ತೆ, ಉಳಿದವರಿಗೆ ಮತ್ತೆ ಬೆಡ್‌ಶೀಟೇ ಗತಿ. ಆ ಉಳಿದವರು ಯಾರು ಅಂತ ನಾನು ಆರಿಸ್ಬೇಕು. ಹೇಗೆ ಆರಿಸ್ಲಿ, ನೀವೇ ಹೇಳಿ. ಅದಕ್ಕೇ ಒಂದು ಮಾತು. ನಿಮ್ಮ ಮನೆಯವರನ್ನ ಯಾವುದರಲ್ಲಿ ಎತ್ತುತ್ತೀರೋ, ನಮ್ಮವರಿಗೂ ಅದೇ. ನನಗೆ ಬೇರೆ ದಾರಿ ಕಾಣ್ತಿಲ್ಲ."

ಅಪ್ಪ ಅಡಕತ್ತರಿಯಲ್ಲಿ ಸಿಕ್ಕಂತೆ ನಿಂತರು. ಎರಡು ಕೊಕ್ಕೆ ಎಂದರೆ ಆ ಮನೆಯ ಅರ್ಧ ಜನಕ್ಕೆ ಹರಿಯುವ ಶೀಟು. ಒಂದು ಕೊಕ್ಕೆ ಎಂದರೆ ತಮ್ಮ ಹೆಂಡತಿ ಅದರಲ್ಲಿ. ಅಣ್ಣನೂ ಒಳಬಾಗಿಲ ಕಡೆ ನೋಡಿದ. ಸಾಕು ಎನ್ನುವುದು ಅಷ್ಟು ಹೊತ್ತು ಬರೀ ಮಾತಾಗಿತ್ತು.

"ಏಯ್," ಒಳಗಿನಿಂದ ಅಮ್ಮನ ದನಿ ಬಂತು. "ಅಲ್ಲಾ, ಜೋಲಿಯಲ್ಲಿ ಕೂರೋಳು ನಾನು. ನನ್ನೊಬ್ಬಳನ್ನ ಬಿಟ್ಟು ಊರಿನವರನ್ನೆಲ್ಲಾ ಕೇಳ್ತಿದ್ದೀರಲ್ಲ? ಯಾವುದಾದ್ರೂ ಒಂದನ್ನ ತನ್ನಿ. ಬೆಳಗಿನಿಂದ ಮಲಗಿ ಬೆನ್ನು ಹಲಗೆಯಾಗಿದೆ."

"ಯಾವುದು ತರೋದೇ?" ಎಂದರು ಅಪ್ಪ.

"ನಿಮಗೇ ಗೊತ್ತಿಲ್ಲ ಅಂದ್ಮೇಲೆ ನನ್ನ ಯಾಕೆ ಕೇಳ್ತೀರಿ? ಮಗಳು ತರ್ಲಿ."

ಎಲ್ಲರೂ ಇರುವೆಯ ಕಡೆ ತಿರುಗಿದರು. ಇಷ್ಟು ಕಣ್ಣುಗಳು ಒಟ್ಟಿಗೆ ಮೇಲೆ ಬಿದ್ದರೆ ಅವಳಿಗೆ ಕೈಕಾಲೇ ಆಡುವುದಿಲ್ಲ. ಎಡವೋ ಬಲವೋ ಎಂದು ಯೋಚಿಸಲು ಹೋದಳು. ಯೋಚಿಸಲು ಏನೂ ಇರಲಿಲ್ಲ. ಬಲಗಡೆಯದರ ಗಾಲಿ ಕಿರುಗುಟ್ಟುತ್ತಿರಲಿಲ್ಲ, ಅಮ್ಮನಿಗೆ ಕಿರುಗುಟ್ಟುವ ಸದ್ದು ಆಗುವುದಿಲ್ಲ. ಅದನ್ನೇ ತಳ್ಳಿಕೊಂಡು ಒಳಗೆ ಹೋದಳು. ಹಿಂದೆಯೇ ಎಲ್ಲರೂ ಬಂದರು. ಆ ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಮಾಮ ಹೊಸಿಲ ಮೇಲೇ ನಿಂತ.

ಜೋಲಿಯನ್ನು ಅಮ್ಮನ ಬೆನ್ನಿನಡಿ, ತೊಡೆಯಡಿ ಸರಿಸಿ, ಕುಣಿಕೆಗಳನ್ನು ಸಿಕ್ಕಿಸಿದಳು. ಅಮ್ಮ ಮೇಡಂಗೆ ತಲೆಯಲ್ಲೇ ನಮಸ್ಕಾರ ಹೇಳಿ, "ನೋಡಿ ಮೇಡಂ, ಪೇಟೆಗೆ ಹೊರಟ ಮೂಟೆ ಥರ ಕಟ್ತಾರೆ ನನ್ನ," ಎಂದಳು. ಇರುವೆ ಹಿಡಿಗೆ ಕೈ ಹಾಕಿದಳು. ಟಕ್, ಟಕ್, ಟಕ್. ಅಮ್ಮನ ಬೆನ್ನು ಹಾಸಿಗೆ ಬಿಟ್ಟಿತು, ಆಮೇಲೆ ಹಿಮ್ಮಡಿ ಬಿಟ್ಟಿತು. ಮೆಲ್ಲಗೆ ಗಾಲಿ ಹಿಂದಕ್ಕೆಳೆದಾಗ ಅಮ್ಮ ಹಾಸಿಗೆಗೂ ಕುರ್ಚಿಗೂ ನಡುವೆ, ಬರೀ ನೆಲದ ಮೇಲೆ, ಗಾಳಿಯಲ್ಲಿದ್ದಳು.

ಅಪ್ಪ ಎರಡೂ ಕೈಗಳನ್ನು ಅವಳ ಕೆಳಗೆ ಚಾಚಿ ನಿಂತಿದ್ದರು. ತುಂಬಿದ ಪಾತ್ರೆ ಈಗ ಬೀಳುತ್ತದೆ ಎನ್ನುವಂತೆ.

"ಯಜಮಾನ್ರೇ, ಕೈ ತೆಗೀರಿ," ಎಂದರು ಮೇಡಂ.

ಅಪ್ಪ ತೆಗೆಯಲಿಲ್ಲ.

"ಕೈ ತೆಗೀದಿದ್ರೆ ನಾನು ಏನಂತ ತಿಳ್ಕೊಳ್ಳೋದು? ನಮ್ಮಲ್ಲಿ ಒಬ್ಬೊಬ್ಬರ ಕೆಳಗೂ ಒಬ್ಬೊಬ್ಬ ಗಂಡ ನಿಂತಿರೋದಿಲ್ಲ."

ಆಗಲೇ ಪೆಟ್ಟಿಗೆಯೊಳಗಿಂದ ಸದ್ದು ಬಂತು. ಕಟ್. ಸಣ್ಣ ಸದ್ದು, ಉಗುರು ಕಡಿದಷ್ಟು. ಜೋಲಿ ಅಲುಗಲಿಲ್ಲ. ಇರುವೆ ಎರಡೂ ಕೈಗಳಿಂದ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಏನದು?" ಎಂದರು ಮೇಡಂ.

"ಹೊಸ ಬಣ್ಣ ಬಿಟ್ಕೊಂಡಿರ್ಬೇಕು. ಮುಚ್ಚಳಕ್ಕೂ ಪೆಟ್ಟಿಗೆಗೂ ಅಂಟಿರುತ್ತೆ," ಎಂದ ಅಣ್ಣ.

"ಕೊಕ್ಕೆ ಮುರೀತು," ಎಂದರು ಅಪ್ಪ. "ಒಂದು ಮುರೀತು, ಇನ್ನೊಂದು ಹಿಡ್ಕೊಂಡಿದೆ. ಇದು ಎರಡು ಕೊಕ್ಕೆಯದ್ದೇ. ನಾನು ಹೇಳ್ಲಿಲ್ವಾ?"

"ಮುರಿದಿದ್ರೆ ಚಕ್ರ ಸ್ವಲ್ಪವಾದ್ರೂ ಹಿಂದಕ್ಕೆ ಬರ್ತಿತ್ತು. ಇದು ಒಂದು ಕೊಕ್ಕೆಯದ್ದೇ. ಗಟ್ಟಿಯಾಗಿ ನಿಂತಿದೆ ನೋಡಿ."

"ಎರಡೂ ಒಟ್ಟಿಗೇ ಕೂತಿರೋವಾಗ ಹಿಂದಕ್ಕೆ ಯಾಕೆ ಬರುತ್ತೋ?"

"ಹಾಗಾದ್ರೆ ಎರಡು ಕೊಕ್ಕೆ ಹಾಕಿದ್ದಕ್ಕೇ ಒಂದು ಮುರೀತು ಅನ್ನಿ! ಒಂದೇ ಇದ್ದಿದ್ರೆ ದಪ್ಪಗೆ ಮಾಡ್ಬಹುದಿತ್ತು."

"ಇಬ್ರೂ ಸ್ವಲ್ಪ ತಡೀರಿ," ಎಂದರು ಮೇಡಂ. "ಈಗ ಒಳ್ಳೇದಾಯ್ತಾ, ಕೆಟ್ಟದಾಯ್ತಾ, ಅದೊಂದು ಹೇಳಿ ನನಗೆ."

ಅದಕ್ಕೆ ಅಪ್ಪ ಒಂದು ಹೇಳಿದರು, ಅಣ್ಣ ಒಂದು ಹೇಳಿದ, ಹೊಸಿಲ ಮೇಲಿನಿಂದ ಮಾಮ ವೆಲ್ಡಿಂಗಿನ ಬಗ್ಗೆ ಮತ್ತೊಂದು ಹೇಳಿದ. ಮೇಡಂ ಒಬ್ಬರಿಂದ ಇನ್ನೊಬ್ಬರ ಕಡೆ ಕತ್ತು ತಿರುಗಿಸುತ್ತಾ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು.

ಇರುವೆಗೆ ಅವರ ಮಾತು ಕೇಳಿಸುತ್ತಲೇ ಇರಲಿಲ್ಲ. ಅವಳ ಅಂಗೈಗಳು ಬೆವೆತು ಹಿಡಿಗೆ ಅಂಟಿಕೊಂಡಿದ್ದವು. ಹಿಡಿಯಲ್ಲಿ ಭಾರವಿತ್ತು. ಇಷ್ಟು ಹೊತ್ತೂ ಇತ್ತೇ, ಈಗ ಬಂದದ್ದೇ? ಅಮ್ಮನನ್ನು ಮೇಲೆ ಹಿಡಿದಿರುವುದು ಕೊಕ್ಕೆಯೋ, ತನ್ನ ಎರಡು ಕೈಗಳೋ? ಕೈ ಬಿಟ್ಟರೆ ತಿಳಿಯುತ್ತದೆ. ಕೈ ಬಿಟ್ಟರೆ ಮಾತ್ರ ತಿಳಿಯುತ್ತದೆ. ಅಪ್ಪನ ಕೈಗಳು ಮಾತಿನ ಭರದಲ್ಲಿ ಅಮ್ಮನ ಕೆಳಗಿನಿಂದ ಯಾವಾಗಲೋ ಹೊರಗೆ ಬಂದು ಅಣ್ಣನ ಮುಖದ ಮುಂದೆ ಆಡುತ್ತಿದ್ದವು. ಅಪ್ಪಾ ಎಂದು ಕೂಗಬೇಕೆಂದುಕೊಂಡಳು. ಕೂಗುವ ಬದಲು ಹಿಡಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಅಮ್ಮ ಜೋಲಿಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿದಳು. ಮೊದಲು ಕಿಟಕಿಯ ಕಡೆ, ಆಮೇಲೆ ಗೋಡೆಯ ಕಡೆ, ಆಮೇಲೆ ಮಗಳ ಕಡೆ. ಅವಳ ಬರಿಗಾಲುಗಳು ನೆಲದಿಂದ ಮೇಲೆ, ಪಕ್ಕಪಕ್ಕದಲ್ಲಿ, ಸುಮ್ಮನೆ ತೂಗುತ್ತಿದ್ದವು. ಈಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ನನ್ನನ್ನ ಕೆಳಗಿಳಿಸಿ," ಎಂದಳು.